ಬಿಸಿಲೂರಿಗೆ ಗೇಮಿಂಗ್ ಪಿಸಿ: ಯಾವ ಭಾಗ ತಗೋಬೇಕು, ಯಾವುದು ಬಿಡಬೇಕು

ಯೂಟ್ಯೂಬಿನಲ್ಲಿ ಗ್ರಾಫಿಕ್ಸ್ ಕಾರ್ಡುಗಳನ್ನು ಅಳೆದು ತೂಗುವವರ ಕೋಣೆ ಸಾಮಾನ್ಯವಾಗಿ 21–22 ಡಿಗ್ರಿಯಲ್ಲಿರುತ್ತದೆ, ಆಟದ ನಡುವೆ ಕರೆಂಟೂ ಹೋಗುವುದಿಲ್ಲ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್–ಮೇ ಬಂತೆಂದರೆ ಹೊರಗೆ 40 ಡಿಗ್ರಿ ಮಾಮೂಲು. ಬರೀ ಸ್ಲ್ಯಾಬ್ ಇರುವ ಮೇಲ್ಮಹಡಿಯ ಕೋಣೆ ರಾತ್ರಿಯಾದರೂ ಕಾವು ಬಿಡುವುದಿಲ್ಲ. ಬೆಳಗಾವಿಯಲ್ಲಿ ಸೆಕೆ ಕಡಿಮೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಜಾಸ್ತಿ. ಹಾಗಾಗಿ ಚಾರ್ಟಿನಲ್ಲಿ ಮೊದಲು ಬಂದ ಭಾಗವೇ ನಮ್ಮ ಕೋಣೆಗೂ ಚಲೋ ಅಂತ ಹೇಳಲಾಗದು.

ಅಂಗಡಿಯಲ್ಲಿ ಮೊದಲ ಪ್ರಶ್ನೆಯೇ ‘ಐ5 ಹಾಕೂಣೇನ್ರಿ, ಐ7 ಹಾಕೂಣೇನ್ರಿ?’ ಎಂದಿರುತ್ತದೆ. ಪ್ರೊಸೆಸರ್ ಮೊದಲು ನಿಗದಿಯಾಗಿ, ಉಳಿದ ರೊಕ್ಕದಲ್ಲಿ ಗ್ರಾಫಿಕ್ಸ್ ಕಾರ್ಡ್, ಕೊನೆಗೆ ಮಿಕ್ಕ ಚಿಲ್ಲರೆಯಲ್ಲಿ ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟು ಕೊಡುವ ಡಬ್ಬಿ) ಬರುತ್ತದೆ. ಗೇಮಿಂಗಿಗೆ ಈ ಸರದಿ ಪೂರ್ತಿ ಉಲ್ಟಾ. ಮೊದಲು ಮಾನಿಟರ್, ಅದಕ್ಕೆ ತಕ್ಕ ಕಾರ್ಡ್, ಆ ಕಾರ್ಡನ್ನು ನಮ್ಮ ಕರೆಂಟಿನಲ್ಲಿ, ನಮ್ಮ ಸೆಕೆಯಲ್ಲಿ ನಡೆಸುವ ಎಸ್‌ಎಂಪಿಎಸ್, ಯುಪಿಎಸ್, ಕ್ಯಾಬಿನೆಟ್. ಇವೆಲ್ಲ ತೀರ್ಮಾನವಾದ ಮೇಲೆ ಪ್ರೊಸೆಸರ್.

ಮಾನಿಟರ್ ಹೇಳಿದಂತೆ ಕಾರ್ಡ್

1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿರುತ್ತವೆ, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಕಾರ್ಡಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ಏರುತ್ತದೆ. 24 ಇಂಚಿನ 1080ಪಿ ಐಪಿಎಸ್ ಮಾನಿಟರ್, 144ರಿಂದ 180 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುವಂಥದು): ಹೊಸದಾಗಿ ಪಿಸಿ ಕಟ್ಟುವ ಬಹುಪಾಲು ಜನರಿಗೆ ಇದೇ ಸರಿ. 27 ಇಂಚಿಗೆ 1080ಪಿ ತಗೊಂಡರೆ ಅಕ್ಷರ ಒಡೆದಂತೆ ಕಾಣುತ್ತದೆ, ಆ ಅಳತೆಗೆ 1440ಪಿಯೇ ಬೇಕು. ಕಾರ್ಡಿಗೆ ಭಾರೀ ಖರ್ಚು ಮಾಡಿ ಮನೆಯ ಹಳೆ 60 ಹರ್ಟ್ಸ್ ಮಾನಿಟರಿಗೆ ಜೋಡಿಸಿದರೆ ಖರ್ಚಿನ ಅರ್ಧ ಫಲ ಕಣ್ಣಿಗೆ ಕಾಣುವುದೇ ಇಲ್ಲ.

ಯಾವ ಆಟ ಎನ್ನುವುದೂ ಅಷ್ಟೇ ಮುಖ್ಯ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಥರದವು ಕಾರ್ಡಿಗಿಂತ ಪ್ರೊಸೆಸರನ್ನು ಹೆಚ್ಚು ದುಡಿಸುತ್ತವೆ, ಸಾಧಾರಣ ಕಾರ್ಡಿನಲ್ಲೂ ಸಲೀಸಾಗಿ ಓಡುತ್ತವೆ. ಸೈಬರ್‌ಪಂಕ್ 2077 ಥರದ ದೊಡ್ಡ ಕಥಾ ಆಟಗಳು ಕಾರ್ಡನ್ನು ಹಿಂಡುತ್ತವೆ. ಬರೀ ವ್ಯಾಲರಂಟ್ ಆಡುವವರಿಗೆ ಎಎಂಡಿಯ ಆರ್‌ಎಕ್ಸ್ 6600 ಸಾಕು. 8 ಜಿಬಿ ಮೆಮೊರಿ ಇದೆ, 132 ವಾಟ್ ಮಾತ್ರ ಎಳೆಯುತ್ತದೆ.

1080ಪಿಯಲ್ಲಿ ಎಲ್ಲ ಥರದ ಆಟ ಬೇಕೆನ್ನುವವರ ಮುಂದೆ ಮುಖ್ಯವಾಗಿ ನಾಲ್ಕು ಕಾರ್ಡುಗಳಿವೆ. ಎನ್ವಿಡಿಯಾದ ಆರ್‌ಟಿಎಕ್ಸ್ 5060ಕ್ಕೆ 8 ಜಿಬಿ, 145 ವಾಟ್. ಆರ್‌ಟಿಎಕ್ಸ್ 5060 ಟಿಐ 8 ಮತ್ತು 16 ಜಿಬಿ ಎರಡರಲ್ಲೂ ಸಿಗುತ್ತದೆ, 180 ವಾಟ್. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ 8, 16 ಎರಡರಲ್ಲಿದೆ. ಇಂಟೆಲ್‌ನ ಆರ್ಕ್ ಬಿ580ಗೆ 12 ಜಿಬಿ, 190 ವಾಟ್.

ಇವುಗಳಲ್ಲಿ ಮೆಮೊರಿಯೇ ದೊಡ್ಡ ವ್ಯತ್ಯಾಸ. ಹೊಸ ಆಟಗಳಲ್ಲಿ ಟೆಕ್ಸ್ಚರನ್ನು (ಗೋಡೆ, ನೆಲದ ಮೇಲ್ಮೈಯ ಚಿತ್ರ) ಅಲ್ಟ್ರಾಕ್ಕೆ ಏರಿಸಿದರೆ 1080ಪಿಯಲ್ಲೂ 8 ಜಿಬಿ ತುಂಬಿಬಿಡುತ್ತದೆ. ತುಂಬಿದ ಕೂಡಲೇ ಆಟ ನಿಲ್ಲುವುದಿಲ್ಲ. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಚಲೋನೇ ತೋರಿಸುತ್ತಿರುತ್ತದೆ, ಆದರೆ ತಿರುಗಿದಾಗ ಗಕ್ಕನೆ ತಡೆಯುತ್ತದೆ, ದೂರದ ಗೋಡೆ ಮಣ್ಣು ಮೆತ್ತಿದಂತೆ ಮಸುಕಾಗಿದ್ದು ಆಮೇಲೆ ಸ್ಪಷ್ಟವಾಗುತ್ತದೆ. ಕಾರ್ಡಿನ ಮೆಮೊರಿಯಲ್ಲಿ ಹಿಡಿಯದ್ದು ಪಿಸಿಯ ರ‍್ಯಾಮಿನಿಂದ ಪಿಸಿಐ ಎಂಬ, ಕಾರ್ಡನ್ನು ಬೋರ್ಡಿಗೆ ಜೋಡಿಸುವ ದಾರಿಯಲ್ಲಿ ಹೋಗಿ ಬರಬೇಕಾಗುವುದೇ ಇದಕ್ಕೆ ಕಾರಣ. ಆರ್‌ಟಿಎಕ್ಸ್ 4060, 5060, 5060 ಟಿಐ ಕಾರ್ಡುಗಳಿಗೆ ಆ ದಾರಿಯಲ್ಲಿ ಎಂಟೇ ಲೇನು. ಎಎಂಡಿ ಪ್ರೊಸೆಸರಿನ ಹಳೆ ಬಿ450 ಮದರ್‌ಬೋರ್ಡಿನಲ್ಲಿ ಅದು ಮೂರನೇ ತಲೆಮಾರಿನ ದಾರಿ, ಅಂದರೆ ಇನ್ನೂ ಇಕ್ಕಟ್ಟು. ಬಿ450 ಇಟ್ಟುಕೊಂಡು ಕಾರ್ಡ್ ಮಾತ್ರ ಬದಲಿಸುವವರಿಗೆ ಹದಿನಾರು ಲೇನಿನ ಆರ್‌ಎಕ್ಸ್ 9060 ಎಕ್ಸ್‌ಟಿ ಹೆಚ್ಚು ಹೊಂದುತ್ತದೆ. ನಾಲ್ಕೈದು ವರ್ಷ ಇಟ್ಟುಕೊಳ್ಳುವ ವಿಚಾರವಿದ್ದರೆ 16 ಜಿಬಿಯದನ್ನೇ ತಗೊಳ್ಳಿ, ಅದಕ್ಕೆ ಬೇಕಾದ ರೊಕ್ಕವನ್ನು ಪ್ರೊಸೆಸರಿನಿಂದ, ಬಣ್ಣದ ದೀಪದ ಫ್ಯಾನಿನಿಂದ ಕಡಿತ ಮಾಡಿ. ಡಬ್ಬಿಯ ಮೇಲೆ ‘5060 ಟಿಐ’ ಎಂದಷ್ಟೇ ನೋಡಿ ಬಿಲ್ ಮಾಡಿಸಬೇಡಿ, ಜಿಬಿ ಎಷ್ಟು ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಎನ್ವಿಡಿಯಾನೋ ಎಎಂಡಿನೋ ಎಂಬ ಹಳೆ ಜಗಳವನ್ನು ಬಳಕೆಯ ಮೇಲೆ ಬಗೆಹರಿಸಬಹುದು. ವಿಟಿಯು ಕಾಲೇಜುಗಳಲ್ಲಿ ಓದುತ್ತಾ ಮಷಿನ್ ಲರ್ನಿಂಗ್ ಪ್ರಾಜೆಕ್ಟ್, ಬ್ಲೆಂಡರ್, ವಿಡಿಯೊ ಎಡಿಟಿಂಗ್ ಮಾಡುವವರಿಗೆ ‘ಸಿಯುಡಿಎ’ (CUDA) ಎಂಬ ಲೆಕ್ಕಾಚಾರದ ತಂತ್ರಾಂಶಕ್ಕೆ ಬೆಂಬಲ ಇರುವ ಎನ್ವಿಡಿಯಾ ತಲೆನೋವು ಕಡಿಮೆ ಮಾಡುತ್ತದೆ. ಬರೀ ಆಟಕ್ಕಾದರೆ ಅಷ್ಟೇ ರೊಕ್ಕಕ್ಕೆ ಹೆಚ್ಚು ಮೆಮೊರಿ ಕೊಡುವ ಎಎಂಡಿ ಒಳ್ಳೆಯದು. ಕಡಿಮೆ ಚುಕ್ಕೆಯ ಚಿತ್ರವನ್ನು ಹಿಗ್ಗಿಸಿ ತೋರಿಸುವ ಎಎಂಡಿಯ ಎಫ್‌ಎಸ್‌ಆರ್ 4 ಬಂದ ಮೇಲೆ ಆರ್‌ಎಕ್ಸ್ 9000 ಸಾಲಿನಲ್ಲಿ ಚಿತ್ರದ ಗುಣಮಟ್ಟವೂ ಎನ್ವಿಡಿಯಾದ ಡಿಎಲ್‌ಎಸ್‌ಎಸ್‌ಗೆ ಹತ್ತಿರ ಬಂದಿದೆ. ಇಂಟೆಲ್ ಬಿ580 ತಗೊಳ್ಳುವವರು ಒಂದು ನೆನಪಿಡಬೇಕು: ಬಯಾಸ್‌ನಲ್ಲಿ (ಬೋರ್ಡಿನ ಒಳಗಿನ ಸೆಟ್ಟಿಂಗ್) ರೀಸೈಜಬಲ್ ಬಾರ್ ಎಂಬ ಆಯ್ಕೆ ಆನ್ ಆಗಿರಲೇಬೇಕು. ಹಳೆ ಬೋರ್ಡಿಗೆ, ಹಳೆ ಪ್ರೊಸೆಸರಿಗೆ ಅದನ್ನು ಜೋಡಿಸಬೇಡಿ.

1440ಪಿಗೆ ಹೋಗುವವರಿಗೆ ಆರ್‌ಟಿಎಕ್ಸ್ 5070 ಅಥವಾ ಆರ್‌ಎಕ್ಸ್ 9070 ಎಕ್ಸ್‌ಟಿ. ಮೊದಲನೆಯದಕ್ಕೆ 12 ಜಿಬಿ, 250 ವಾಟ್. ಎರಡನೆಯದಕ್ಕೆ 16 ಜಿಬಿ, 304 ವಾಟ್. ಬೆಳಗಾವಿಯಲ್ಲಾದರೆ ಎರಡನೆಯದನ್ನು ಕಣ್ಣುಮುಚ್ಚಿ ಹೇಳಬಹುದು. ವಿಜಯಪುರದಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ಆ ವಾಟಿನ ಲೆಕ್ಕವನ್ನು ಮುಂದೆ ನೋಡೋಣ.

ಕರೆಂಟಿನ ಕಡೆ: ಎಸ್‌ಎಂಪಿಎಸ್, ಯುಪಿಎಸ್, ಅರ್ಥಿಂಗ್

ಮೂರೂ ಜಿಲ್ಲೆಗಳಿಗೆ ಕರೆಂಟು ಹೆಸ್ಕಾಂನದು. ಊರು, ಫೀಡರ್ ನೋಡಿ ಪರಿಸ್ಥಿತಿ ಬದಲಾಗುತ್ತದೆ. ಹಳ್ಳಿಯ ಕಡೆ, ಪಂಪ್‌ಸೆಟ್ಟುಗಳು ಶುರುವಾಗುವ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತದೆ. ನಗರದಲ್ಲಿ ಬೇಸಿಗೆ ಸಂಜೆ ಎಲ್ಲರ ಕೂಲರ್, ಎಸಿ ಒಟ್ಟಿಗೆ ಓಡುವಾಗ ಇಳಿಯುತ್ತದೆ. ಇಲ್ಲಿ ಪಿಸಿ ಹಾಳಾಗುವುದಕ್ಕೆ ಬಿಸಿಗಿಂತ ದೊಡ್ಡ ಕಾರಣ ಇದು.

ಎಸ್‌ಎಂಪಿಎಸ್ ಕೊಳ್ಳುವಾಗ ಮುಂದಿನ ದೊಡ್ಡ ಅಕ್ಷರ ಬಿಡಿ, ಬದಿಯ ಲೇಬಲ್ ಓದಿ. ಅಲ್ಲಿ ‘+12 ವೋಲ್ಟ್’ ಎಂಬ ಕಾಲಮ್ಮಿನಲ್ಲಿ ಆಂಪಿಯರ್ ಇರುತ್ತದೆ. ಪ್ರೊಸೆಸರ್, ಕಾರ್ಡ್ ಎರಡೂ ಜೀವ ಹಿಡಿದಿರುವುದು ಈ ಸಾಲಿನ ಮೇಲೆ. ಒಳ್ಳೆಯ 550 ವಾಟಿನದಕ್ಕೆ ಇಲ್ಲಿ 45 ಆಂಪಿಯರ್ ಆಸುಪಾಸು ಇರುತ್ತದೆ, 12ರಿಂದ ಗುಣಿಸಿದರೆ 540. ಕ್ಯಾಬಿನೆಟ್ ಜೊತೆ ಉಚಿತ ಬರುವ ‘450 ವಾಟ್’ ಸ್ಟಿಕರಿನದರಲ್ಲಿ 16 ಆಂಪಿಯರ್ ಬರೆದಿದ್ದರೆ 12 ವೋಲ್ಟಿನ ಮೇಲೆ ಅದು ಕೊಡುವುದು ಬರೀ 192 ವಾಟ್. ಅದರ ಮೇಲೆ ಗೇಮಿಂಗ್ ಕಾರ್ಡ್ ಕೂರಿಸಿದರೆ ಆಟ ಭಾರವಾದ ಕ್ಷಣಕ್ಕೆ ಪಿಸಿ ಫಟ್ಟನೆ ಆರುತ್ತದೆ. ಕೆಟ್ಟರೆ ತಾನೊಂದೇ ಕೆಡುವುದಿಲ್ಲ, ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ತಗೊಂಡು ಹೋಗಬಹುದು.

ಅದೇ ಲೇಬಲ್ಲಿನಲ್ಲಿ ಇನ್ನೊಂದು ಸಂಖ್ಯೆ ನೋಡಬೇಕು, ಅದನ್ನು ಬಹಳ ಜನ ನೋಡುವುದೇ ಇಲ್ಲ: ಇನ್‌ಪುಟ್ ವೋಲ್ಟೇಜ್. ಕೆಲವದರಲ್ಲಿ 100–240 ಎಂದಿರುತ್ತದೆ, ಕೆಲವು ಅಗ್ಗದವುಗಳಲ್ಲಿ 200–240. ಮೊದಲನೆಯದು 160ಕ್ಕೆ ಇಳಿದ ಕರೆಂಟಿನಲ್ಲೂ ಕೆಲಸ ಮಾಡುತ್ತದೆ. ಎರಡನೆಯದು ಅಲ್ಲಿ ಕೈಕೊಡುತ್ತದೆ. ತಾಳಿಕೋಟೆ, ಇಂಡಿ, ಬೀಳಗಿ ಕಡೆಯ ಹಳ್ಳಿಗೆ ಪಿಸಿ ಒಯ್ಯುವವರು 100–240 ಇರುವುದನ್ನೇ ಕೇಳಿ ತಗೊಳ್ಳಬೇಕು. 80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬುದು ಕರೆಂಟು ಎಷ್ಟು ಉಳಿತಾಯ ಎಂದು ಹೇಳುತ್ತದೆ, ಗಟ್ಟಿತನದ ಪೂರ್ತಿ ಖಾತ್ರಿ ಅಲ್ಲ. ವಾರಂಟಿ 5 ವರ್ಷ ಅಥವಾ ಮೇಲೆ ಇರುವುದನ್ನು ಆರಿಸಿದರೆ ತಪ್ಪುವುದು ಕಷ್ಟ.

ಎಷ್ಟು ವಾಟ್? ಎನ್ವಿಡಿಯಾ ಸ್ವತಃ ಸೂಚಿಸುವುದು 5060ಕ್ಕೆ 550, 5060 ಟಿಐಗೆ 600, 5070ಕ್ಕೆ 650 ವಾಟ್. 9070 ಎಕ್ಸ್‌ಟಿಗೆ 750 ಇಟ್ಟುಕೊಳ್ಳಿ. ನಿಜವಾದ ಬಳಕೆ ಇದಕ್ಕಿಂತ ಬಹಳ ಕಡಿಮೆ: 65 ವಾಟ್ ವರ್ಗದ ಎಎಂಡಿ ರೈಜನ್ ಪ್ರೊಸೆಸರ್ ಹೆಚ್ಚೆಂದರೆ 88 ಎಳೆಯುತ್ತದೆ, 5060 ಕಾರ್ಡ್ 145, ಬೋರ್ಡ್, ಫ್ಯಾನ್, ಎಸ್‌ಎಸ್‌ಡಿ ಎಲ್ಲ ಸೇರಿ 50–60. ಒಟ್ಟು 290ರ ಆಸುಪಾಸು. ಗೋಡೆಯ ಸಾಕೆಟ್ಟಿನಲ್ಲಿ ಅಳೆದರೆ 335, ಮಾನಿಟರ್ ಸೇರಿದರೆ 365.

ಈ 365 ಸಂಖ್ಯೆ ಯುಪಿಎಸ್ ಕೊಳ್ಳುವಾಗ ಬೇಕು. ಅಂಗಡಿಯಲ್ಲಿ ಎಲ್ಲರಿಗೂ ಕೊಡುವ 600 ವಿಎ ಯುಪಿಎಸ್ ಹೊರುವುದು 360 ವಾಟ್ ಮಾತ್ರ. ಬ್ರೌಸಿಂಗ್ ಮಾಡುವಾಗ ಕರೆಂಟು ಹೋದರೆ ತಡೆಯುತ್ತದೆ, ಆಟದ ನಡುವೆ ಹೋದರೆ ಕಿರ್ರೆಂದು ಕೂಗಿ ಅದೂ ಆರುತ್ತದೆ. 1000 ಅಥವಾ 1100 ವಿಎ, ಅಂದರೆ 600 ವಾಟ್ ಆಸುಪಾಸಿನದು ಬೇಕು. 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಒಂದರಲ್ಲಿರುವುದು 84 ವಾಟ್-ಅವರ್. 350 ವಾಟಿಗೆ ಲೆಕ್ಕ ಹಾಕಿದರೆ ಒಂದೊಂದು ಬ್ಯಾಟರಿಗೆ 14 ನಿಮಿಷ ಬರಬೇಕು. ಆದರೆ ಸೀಸದ ಬ್ಯಾಟರಿಯಿಂದ ಇಷ್ಟು ಜೋರಾಗಿ ಎಳೆದರೆ ಅದರ ಅರ್ಧವೂ ಸಿಗುವುದಿಲ್ಲ. ಆಟ ಸೇವ್ ಮಾಡಿ ಶಟ್‌ಡೌನ್ ಮಾಡಲು ಅಷ್ಟು ಸಾಕು, ಮ್ಯಾಚ್ ಮುಗಿಸುತ್ತೇನೆ ಎಂದು ಕೂರಬಾರದು. ಇಲ್ಲಿನ ಸೆಕೆಯಲ್ಲಿ ಆ ಬ್ಯಾಟರಿ ಬೇಗ ಸಾಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವ ಖರ್ಚು ಮೊದಲೇ ಲೆಕ್ಕದಲ್ಲಿರಲಿ.

ಮನೆಯಲ್ಲಿ ಇನ್ವರ್ಟರ್ ಇದ್ದವರು ಪಿಸಿಯನ್ನು ಅದರ ಮೇಲೇ ಓಡಿಸಬಹುದೇ? ಪ್ಯೂರ್ ಸೈನ್ ವೇವ್ ಆಗಿದ್ದರೆ, ಹಿಂದಿನ ಸ್ವಿಚ್ಚು ಯುಪಿಎಸ್ ಮೋಡಿನಲ್ಲಿದ್ದರೆ, ಫ್ಯಾನು ಲೈಟಿನ ಜೊತೆ ಈ 365 ವಾಟನ್ನೂ ಹೊರುವಷ್ಟು ದೊಡ್ಡದಿದ್ದರೆ, ಬಹುತೇಕ ಓಡುತ್ತದೆ. ಕರೆಂಟು ನಿಂತ ಮೇಲೆ ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನ ಬಲದಲ್ಲಿ ತಡೆಯುವುದು ಸುಮಾರು 12ರಿಂದ 17 ಮಿಲಿಸೆಕೆಂಡ್. ಅಷ್ಟರೊಳಗೆ ಇನ್ವರ್ಟರ್ ಬದಲಾಗಬೇಕು. ನಾರ್ಮಲ್ ಮೋಡಿನಲ್ಲಿ ಅದು ನಿಧಾನ, ಪಿಸಿ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್ ಮೋಡಿಗೆ ಒಂದು ತೊಡಕಿದೆ: ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದರೆ ಕರೆಂಟಿದ್ದರೂ ಬ್ಯಾಟರಿಗೆ ಹೋಗುತ್ತದೆ. ಲೋ ವೋಲ್ಟೇಜಿನ ಹಳ್ಳಿಯಲ್ಲಿ ಸಂಜೆಯಿಡೀ ಬ್ಯಾಟರಿ ಖಾಲಿಯಾಗುತ್ತಾ ಕೂರುತ್ತದೆ. ಅಂಥಲ್ಲಿ ಇನ್ವರ್ಟರಿಗೂ ಮುಂಚೆ ಸ್ಟೆಬಿಲೈಜರ್ ಬೇಕು. ಸ್ಕ್ವೇರ್ ವೇವ್ ಇನ್ವರ್ಟರನ್ನು ಈಗಿನ ಆ್ಯಕ್ಟಿವ್ ಪಿಎಫ್‌ಸಿ (ಕರೆಂಟನ್ನು ಹದವಾಗಿ ಎಳೆಯುವ ವ್ಯವಸ್ಥೆ) ಇರುವ ಎಸ್‌ಎಂಪಿಎಸ್‌ಗೆ ಜೋಡಿಸಬೇಡಿ. ಗುಂಯ್‌ಗುಟ್ಟುತ್ತದೆ, ಬದಲಾಗುವ ಹೊತ್ತಿಗೆ ಟ್ರಿಪ್ ಆಗುತ್ತದೆ.

ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಂ ಅಂದರೆ ಪಿಸಿ ಕೆಟ್ಟಿದೆ ಎಂದಲ್ಲ, ಸಾಕೆಟ್ಟಿಗೆ ಅರ್ಥಿಂಗ್ ಇಲ್ಲ ಎಂದು. ಎಸ್‌ಎಂಪಿಎಸ್‌ನ ಫಿಲ್ಟರಿನಿಂದ ಸೋರುವ ಸಣ್ಣ ಕರೆಂಟು ನೆಲಕ್ಕೆ ದಾರಿ ಸಿಗದೆ ತಗಡಿನ ಮೇಲೆ ಕೂತಿರುತ್ತದೆ. ಎಲೆಕ್ಟ್ರಿಶಿಯನ್ ಕಡೆಯಿಂದ ಮಲ್ಟಿಮೀಟರ್ ಹಿಡಿಸಿ: ಫೇಸ್–ನ್ಯೂಟ್ರಲ್ 230 ಆಸುಪಾಸು, ಫೇಸ್–ಅರ್ಥ್ ಕೂಡ ಅಷ್ಟೇ, ನ್ಯೂಟ್ರಲ್–ಅರ್ಥ್ ನಡುವೆ 2–3 ವೋಲ್ಟಿಗಿಂತ ಕಡಿಮೆ ಬರಬೇಕು. ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ಬಿಡುತ್ತದೆ, ತಿಂಗಳಿಗೊಮ್ಮೆ ಒಂದೆರಡು ಕೊಡ ನೀರು ಹಾಕಿ. ಮುಂಗಾರಿಗೆ ಮುಂಚಿನ ಗುಡುಗುಮಳೆಯಲ್ಲಿ ಪ್ಲಗ್ ಜೊತೆ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲಿನ ಏಟು ಆ ತಂತಿಯಲ್ಲೂ ಬರುತ್ತದೆ.

ಸೆಕೆ, ಧೂಳು, ತೇವ

ಕೋಣೆ ಎಷ್ಟು ಡಿಗ್ರಿ ಏರುತ್ತದೋ ಒಳಗಿನ ಭಾಗಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. 22 ಡಿಗ್ರಿಯ ಕೋಣೆಯಲ್ಲಿ 65 ತೋರಿಸಿದ ಕಾರ್ಡ್, ಅದೇ ಫ್ಯಾನ್ ವೇಗದಲ್ಲಿ 38 ಡಿಗ್ರಿಯ ಕೋಣೆಯಲ್ಲಿ 81ಕ್ಕೆ ಬರುತ್ತದೆ. ಅದನ್ನು ತಡೆಯಲು ಫ್ಯಾನ್ ಜೋರಾಗುತ್ತದೆ, ಸದ್ದು ಏರುತ್ತದೆ. ಅಷ್ಟೇ ಅಲ್ಲ, ಪಿಸಿ ಎಳೆದ ಪ್ರತಿ ವಾಟೂ ಕೊನೆಗೆ ಬಿಸಿಯಾಗಿ ಕೋಣೆಗೇ ಬರುತ್ತದೆ. 9070 ಎಕ್ಸ್‌ಟಿ ಹಾಕಿದ ಪಿಸಿ ಗೋಡೆಯಿಂದ 450 ವಾಟಿಗೂ ಮೇಲೆ ಎಳೆಯುತ್ತದೆ. ಕದ ಹಾಕಿಕೊಂಡು ಮೂರು ತಾಸು ಆಡಿದರೆ ಕೂತವರಿಗೇ ತಡೆಯಲಾಗದು. ಎಸಿ ಇಲ್ಲದ ವಿಜಯಪುರದ ಕೋಣೆಗೆ 180 ವಾಟಿನೊಳಗಿನ ಕಾರ್ಡನ್ನೇ ಗಟ್ಟಿಯಾಗಿ ಶಿಫಾರಸು ಮಾಡುವುದು ಇದಕ್ಕೆ. ದೊಡ್ಡ ಕಾರ್ಡ್ ಬೇಕೇ ಬೇಕು ಎನ್ನುವವರು ಬೇಸಿಗೆಯಲ್ಲಿ ಅದರ ಪವರ್ ಲಿಮಿಟನ್ನು ಶೇ 80ಕ್ಕೆ ಇಳಿಸಲಿ. ವೇಗದಲ್ಲಿ ಕಳೆದುಕೊಳ್ಳುವುದು ಕೆಲವೇ ಶೇಕಡಾ. ಆಟದ ಎಫ್‌ಪಿಎಸ್ ಅನ್ನು ಮಾನಿಟರಿನ ಹರ್ಟ್ಸ್‌ಗೆ ಕಟ್ಟಿಹಾಕುವುದೂ ಬಿಸಿ ಇಳಿಸುವ ಸುಲಭ ದಾರಿ.

ಕ್ಯಾಬಿನೆಟ್ಟಿನಲ್ಲಿ ಮುಂದೆ ಗಾಜಿನದು, ಮುಂದೆ ಜಾಳಿಯದು ಎಂಬ ಎರಡು ಬಗೆ. ಗಾಜಿನದು ಕಾಣಲು ಚೆಂದ, ಗಾಳಿ ಬರುವುದು ಬದಿಯ ಸಣ್ಣ ಸಂದಿಯಿಂದ. ನಮ್ಮ ಸೆಕೆಗೆ ಜಾಳಿಯದೇ ಬೇಕು. ಎರೆಮಣ್ಣಿನ ನಾಡಿನಲ್ಲಿ ಧೂಳು ಸಣ್ಣ, ಅಂಟುವ ಜಾತಿಯದು. ಇಳಕಲ್ ಕಡೆ ಗ್ರಾನೈಟಿನದು, ಸಕ್ಕರೆ ಕಾರ್ಖಾನೆಯ ಹತ್ತಿರ ಕಬ್ಬು ನುರಿಸುವ ಹಂಗಾಮಿನಲ್ಲಿ ಕಪ್ಪು ಬೂದಿ. ಹಾಗಾಗಿ ಜಾಳಿಯ ಹಿಂದೆ ತೆಗೆದು ತೊಳೆಯಬಹುದಾದ ನೈಲಾನ್ ಫಿಲ್ಟರ್ ಇರಲೇಬೇಕು. ಮುಂದೆ ಒಳಕ್ಕೆ ಊದುವ 120 ಮಿಮೀ ಫ್ಯಾನ್ ಎರಡು, ಹಿಂದೆ ಹೊರಕ್ಕೆ ಒಂದು. ಒಳಗೆ ಹೋಗುವ ಗಾಳಿ ಹೊರಗೆ ಹೋಗುವುದಕ್ಕಿಂತ ಹೆಚ್ಚಿದ್ದರೆ ಸಂದುಗೊಂದುಗಳಿಂದ ಗಾಳಿ ಹೊರಕ್ಕೇ ತಳ್ಳುತ್ತದೆ, ಫಿಲ್ಟರ್ ಇಲ್ಲದ ಕಡೆಯಿಂದ ಧೂಳು ನುಗ್ಗುವುದಿಲ್ಲ. ನೆಲದ ಮೇಲೆ ಇಡಬೇಡಿ, ಕಸಬರಿಗೆ ಎಬ್ಬಿಸುವ ಧೂಳು ನೇರ ಅದರೊಳಗೆ. ಫಿಲ್ಟರನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದಿರಬೇಕು. ಗಿರಗಿರ ತಿರುಗಿಸಿದರೆ ಬೇರಿಂಗ್ ಹಾಳು.

ನೀರಿನ ಏರ್ ಕೂಲರ್ ಬಗ್ಗೆ ಒಂದು ಎಚ್ಚರ. ಅದರ ಮೂತಿ ಪಿಸಿ ಕಡೆ ತಿರುಗಿಸುವ ರೂಢಿ ಬಹಳ ಮನೆಗಳಲ್ಲಿದೆ. ಪ್ಯಾಡಿನ ಮೇಲೆ ಬಿಳಿ ಹೆಪ್ಪಾಗಿ ಕೂರುತ್ತದಲ್ಲ, ಆ ಬೋರ್ ನೀರಿನ ಉಪ್ಪು ಸಣ್ಣ ಹನಿಗಳ ಜೊತೆ ಹಾರುತ್ತದೆ. ಧೂಳಿಗೆ ತೇವ ಸೇರಿ ಹೀಟ್‌ಸಿಂಕಿನ ಎಲೆಗಳ ನಡುವೆ ಕೆಸರಾಗಿ ಒಣಗಿದರೆ ಬ್ಲೋವರಿನಿಂದಲೂ ಬಿಡುವುದಿಲ್ಲ. ಕೂಲರ್ ನಿಮ್ಮ ಕಡೆ ಇರಲಿ, ಪಿಸಿ ಅದರ ಗಾಳಿಯ ದಾರಿಯಿಂದ ಪಕ್ಕಕ್ಕಿರಲಿ, ಕಿಟಕಿ ಒಂದು ತೆರೆದಿರಲಿ. ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ಪಿಸಿಯನ್ನು ವಾರಗಟ್ಟಲೆ ಆರಿಸಿ ಇಡಬೇಡಿ. ಎರಡು ದಿನಕ್ಕೊಮ್ಮೆ ಅರ್ಧ ತಾಸು ಓಡಿಸಿದರೆ ಒಳಗಿನ ತೇವ ಆರುತ್ತದೆ.

ಪ್ರೊಸೆಸರಿನ ಕೂಲರ್ ವಿಷಯಕ್ಕೆ ಬಂದರೆ, 65 ವಾಟಿನದಕ್ಕೆ ಬೆಳಗಾವಿಯಲ್ಲಿ ಡಬ್ಬಿಯಲ್ಲಿ ಬರುವುದೇ ಸಾಕು. ವಿಜಯಪುರ, ಬಾಗಲಕೋಟೆಗೆ 120 ಮಿಮೀ ಫ್ಯಾನಿನ ನಾಲ್ಕು ಹೀಟ್‌ಪೈಪಿನ ಟವರ್ ಕೂಲರ್ ಹಾಕಿ. ಲಿಕ್ವಿಡ್ ಕೂಲರ್ ಈ ವರ್ಗಕ್ಕೆ ಬೇಡ. ಪಂಪ್ ನಿಂತರೆ ಬದಲಿ ಬರುವವರೆಗೆ ಪಿಸಿ ಮುಚ್ಚಿಡಬೇಕು, ಟವರಿನ ಫ್ಯಾನ್ ನಿಂತರೆ ಊರಲ್ಲೇ ಇನ್ನೊಂದು ಸಿಗುತ್ತದೆ.

ಪ್ರೊಸೆಸರ್, ಬೋರ್ಡ್

ಇಲ್ಲಿ ದಾರಿ ಮೂರು. ಎಎಂಡಿಯ ಎಎಂ4 ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್ 5 5600: ಆರು ಕೋರ್, ಹನ್ನೆರಡು ಥ್ರೆಡ್, ಡಿಡಿಆರ್4 ಬಗೆಯ ರ‍್ಯಾಮ್. ಇಂಟೆಲ್ ಐ5-12400ಎಫ್: ಅಷ್ಟೇ ಕೋರ್, ಬೋರ್ಡ್ ನೋಡಿ ಡಿಡಿಆರ್4 ಅಥವಾ ಡಿಡಿಆರ್5. ಎಎಂ5ನ ರೈಜನ್ 5 7600: ಅಷ್ಟೇ ಕೋರ್, ಹೊಸ ವಿನ್ಯಾಸ, ಡಿಡಿಆರ್5 ಮಾತ್ರ. ಮೊದಲೆರಡು ಅಗ್ಗ, ಆದರೆ ಆ ಸಾಕೆಟ್ಟುಗಳ ಆಯುಷ್ಯ ಮುಗಿಯುತ್ತಾ ಬಂದಿದೆ. ಎಎಂ5ಗೆ 2027 ಮತ್ತು ಆಮೇಲೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಮುಂದೆ ಬೋರ್ಡ್ ಬದಲಿಸದೆ 9800ಎಕ್ಸ್3ಡಿ ಥರದ್ದನ್ನು ಕೂರಿಸಬಹುದು. 7600 ಒಳಗೇ ಸಣ್ಣ ಗ್ರಾಫಿಕ್ಸ್ ಇದೆ. ಕಾರ್ಡ್ ಕೆಟ್ಟು ವಾರಂಟಿಗೆ ಹೋದ ವಾರಗಳಲ್ಲೂ ಪಿಸಿ ಬಳಸಬಹುದು. ‘ಎಫ್’ ಇರುವ ಇಂಟೆಲ್‌ನಲ್ಲಿ, 5600ರಲ್ಲಿ ಈ ಅನುಕೂಲ ಇಲ್ಲ. ಸರ್ವಿಸ್ ಸೆಂಟರಿಗೆ ಬೇರೆ ಊರಿಗೆ ಕಳಿಸಬೇಕಾದವರಿಗೆ ಇದು ಸಣ್ಣ ಮಾತಲ್ಲ.

ಡಿಡಿಆರ್5 ಬೆಲೆಯೇ ಈಗಿನ ಅಡ್ಡಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಎಐ ಸರ್ವರುಗಳಿಗೆ ಚಿಪ್ಪುಗಳು ಹೋಗುತ್ತಿರುವುದು ಮುಖ್ಯ ಕಾರಣ. ಹಳೆ ಪಿಸಿಯಲ್ಲಿ ಡಿಡಿಆರ್4 ರ‍್ಯಾಮ್ 16 ಜಿಬಿ ಇದ್ದರೆ ಅದನ್ನೇ ಇಟ್ಟುಕೊಂಡು 5600 ಅಥವಾ 12400ಎಫ್ ತಗೊಂಡು, ಉಳಿದ ರೊಕ್ಕವನ್ನು 16 ಜಿಬಿ ಕಾರ್ಡಿಗೆ ಹಾಕುವುದು ಜಾಣತನ. ಮೊದಲಿನಿಂದ ಕಟ್ಟುವವರಿಗೆ ನಮ್ಮ ಒಲವು ಈಗಲೂ 7600 ಕಡೆಗೇ.

ಹೆಸರು ಹತ್ತಿರ ಹತ್ತಿರ ಇದ್ದು ಒಳಗೆ ಬೇರೆ ಇರುವವುಗಳಲ್ಲಿ ಮೋಸ ಹೋಗುವುದು ಹೆಚ್ಚು. ರೈಜನ್ 5 5500 ಎಂಬುದು 5600ರ ತಮ್ಮನಲ್ಲ: ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 32ರ ಬದಲು 16 ಎಂಬಿ, ಪಿಸಿಐ ಮೂರನೇ ತಲೆಮಾರು. ರೈಜನ್ 5 8500ಜಿಯಲ್ಲಿ ಕಾರ್ಡಿಗೆ ಸಿಗುವುದು ನಾಲ್ಕೇ ಲೇನು. ಇಂಟೆಲ್ 13, 14ನೇ ತಲೆಮಾರಿನ ದೊಡ್ಡ ಐ7, ಐ9ಗಳಲ್ಲಿ ಹೆಚ್ಚಿನ ವೋಲ್ಟೇಜಿನಿಂದ ಚಿಪ್ಪೇ ಸವೆಯುವ ದೋಷ ಇತ್ತು. 2024ರಲ್ಲಿ ಇಂಟೆಲ್ ಮೈಕ್ರೋಕೋಡ್ ತಿದ್ದುಪಡಿ ಕೊಟ್ಟು ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಸೆಕೆಂಡ್‌ಹ್ಯಾಂಡಿನಲ್ಲಿ ಅವನ್ನು ತಗೊಳ್ಳಬೇಡಿ.

ಅಂಗಡಿಯಲ್ಲಿ ‘ಐ7 ಗೇಮಿಂಗ್ ಸೆಟ್, 4 ಜಿಬಿ ಗ್ರಾಫಿಕ್ಸ್’ ಎಂದು ಅಗ್ಗಕ್ಕೆ ಕೊಡುತ್ತಾರಲ್ಲ, ಅದರೊಳಗೆ ಸಾಮಾನ್ಯವಾಗಿ ಇರುವುದು ಐ7-2600 ಅಥವಾ 4770, ಜೊತೆಗೆ ಜಿಟಿ 730. ಆ ಪ್ರೊಸೆಸರುಗಳು 2011, 2013ರವು, ಕಾರ್ಡ್ 2014ರದು. ನಾಲ್ಕೇ ಕೋರಿನ ಐ3-12100ಎಫ್ ಕೂಡ ಆ ಐ7ಗಳನ್ನು ಹಿಂದೆ ಹಾಕುತ್ತದೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಆ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದೆ ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡುವುದಿಲ್ಲ. ‘ಐ7’ ಎಂದ ಕೂಡಲೇ ಮುಂದಿನ ನಾಲ್ಕೈದು ಅಂಕಿ ಕೇಳಿ.

ಬೋರ್ಡ್ ಸಾಧಾರಣದ್ದು ಸಾಕು: 7600ಕ್ಕೆ ಬಿ650, 5600ಕ್ಕೆ ಬಿ550, 12400ಎಫ್‌ಗೆ ಬಿ760. ಪ್ರೊಸೆಸರ್ ಸುತ್ತಲಿನ ವಿಆರ್‌ಎಂ (ಅದಕ್ಕೆ ಹೋಗುವ ಕರೆಂಟು ಹದಮಾಡುವ ಭಾಗ) ಮೇಲೆ ಲೋಹದ ಹೀಟ್‌ಸಿಂಕ್ ಇರಲಿ, ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ ಇನ್ನೂ ಒಳ್ಳೆಯದು. ಹಳೆ ಸ್ಟಾಕಿನ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕಿ ಪರದೆ ಬಾರದಿದ್ದಾಗ ಪೆನ್‌ಡ್ರೈವಿನಿಂದಲೇ ಬಯಾಸ್ ಏರಿಸಬಹುದು.

ರ‍್ಯಾಮ್ ಒಂದೇ 16ರ ಬದಲು 8ರ ಎರಡು ಕಡ್ಡಿ, ಶಕ್ತಿಯಿದ್ದರೆ 16ರ ಎರಡು. ನಾಲ್ಕು ಸ್ಲಾಟಿದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಎಎಂ5ಗೆ 6000 ವೇಗದ, ಸಿಎಲ್30 (ರ‍್ಯಾಮ್ ಉತ್ತರಿಸುವ ತಡದ ಅಳತೆ) ಇರುವುದು ಹದವಾದದ್ದು. ನಾಲ್ಕೂ ಸ್ಲಾಟ್ ತುಂಬಿಸಿದರೆ ವೇಗ ಬೀಳುತ್ತದೆ. ಎಸ್‌ಎಸ್‌ಡಿ 1 ಟಿಬಿ ಎನ್‌ವಿಎಂಇ (ಪಿಸಿಐ ದಾರಿಯಲ್ಲಿ ಓಡುವ ವೇಗದ ಬಗೆ), ಟಿಎಲ್‌ಸಿ ಚಿಪ್ಪಿನದು. ಮೂರನೇ ತಲೆಮಾರಿನ 3500 ಎಂಬಿ ವೇಗಕ್ಕೂ ನಾಲ್ಕನೆಯದರ 7000ಕ್ಕೂ ಆಟ ತೆರೆಯುವುದರಲ್ಲಿ ಕಾಣುವ ಫರಕು ಸ್ವಲ್ಪವೇ. ಎಂ.2 ಎಂಬ ಅದೇ ಕಡ್ಡಿಯಾಕಾರದಲ್ಲಿ ಹಳೆ ಬಗೆಯ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಅದು 550 ದಾಟುವುದಿಲ್ಲ, ಡಬ್ಬಿಯ ಮೇಲೆ ‘ಎನ್‌ವಿಎಂಇ’ ಎಂದು ಇದೆಯೇ ನೋಡಿಕೊಳ್ಳಿ.

ಎಲ್ಲಿ ಕೊಳ್ಳುವುದು, ಮೊದಲ ದಿನ ಏನು ನೋಡುವುದು

ಆನ್‌ಲೈನ್, ಬೆಂಗಳೂರಿನ ಎಸ್‌ಪಿ ರಸ್ತೆ, ಇಲ್ಲವೇ ಊರಿನ ಅಂಗಡಿ. ನಮ್ಮ ಸಲಹೆ ಇವುಗಳನ್ನು ಬೆರೆಸುವುದು. ಎಸ್‌ಎಂಪಿಎಸ್, ಯುಪಿಎಸ್, ಮಾನಿಟರ್ ಊರಲ್ಲೇ ತಗೊಳ್ಳಿ: ಭಾರದ ಸಾಮಾನು, ಕೆಟ್ಟರೆ ಎದುರಿಗೇ ನಿಂತು ಮಾತಾಡಬಹುದು. ಕಾರ್ಡ್, ಪ್ರೊಸೆಸರ್ ಎಲ್ಲಿ ಅಗ್ಗವೋ ಅಲ್ಲಿ. ಯಾವುದೇ ಆಗಲಿ, ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆದಿರಬೇಕು. ಬಿಲ್ಲಿಲ್ಲದೆ ಕಡಿಮೆ ಮಾಡಿ ಕೊಡುವ ಕಾರ್ಡ್ ಕೆಟ್ಟ ದಿನ ಯಾರದ್ದೂ ಅಲ್ಲ. ಬೇರೆ ಊರಲ್ಲಿ ಕಟ್ಟಿಸಿ ಬಸ್ಸಿನ ಪಾರ್ಸಲ್ಲಿಗೆ ಹಾಕುವುದಾದರೆ ಕಾರ್ಡನ್ನೂ ಟವರ್ ಕೂಲರನ್ನೂ ಬಿಚ್ಚಿಸಿ ಬೇರೆ ಡಬ್ಬಿಯಲ್ಲಿ ಕಳಿಸಲು ಹೇಳಿ. ರಸ್ತೆಯ ಕುಲುಕಿಗೆ ಅವುಗಳ ಭಾರವೇ ಸ್ಲಾಟನ್ನು ಮುರಿಯುತ್ತದೆ.

ಸೆಕೆಂಡ್‌ಹ್ಯಾಂಡ್ ಕಾರ್ಡಾದರೆ ಮಾರುವವರ ಎದುರಿಗೇ ಕಾರ್ಡಿನ ವಿವರ ತೋರಿಸುವ ಜಿಪಿಯು-ಝೆಡ್ ತಂತ್ರಾಂಶ ತೆರೆಯಿರಿ. ಬಯಾಸ್ ತಿದ್ದಿ ಹೆಸರು ಬದಲಿಸಿದ ನಕಲಿ ಕಾರ್ಡಿನ ಮುಂದೆ ಅದು ‘ಫೇಕ್’ ಎಂದು ತೋರಿಸುತ್ತದೆ. ಆಮೇಲೆ ಕಾರ್ಡನ್ನು ಪೂರ್ತಿ ದುಡಿಸಿ ನೋಡುವ ಫರ್‌ಮಾರ್ಕ್ ಇಪ್ಪತ್ತು ನಿಮಿಷ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ ಬಂದರೆ, ಫ್ಯಾನ್ ಕಟಕಟ ಅಂದರೆ ಬಿಟ್ಟು ಬನ್ನಿ.

ಜೋಡಿಸಿ ಮೊದಲ ಸಲ ಆನ್ ಮಾಡಿದಾಗ ಡಿಡಿಆರ್5 ಪಿಸಿಯಲ್ಲಿ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುತ್ತದೆ. ಬೋರ್ಡ್ ರ‍್ಯಾಮನ್ನು ಅಳೆಯುತ್ತಿರುತ್ತದೆ, ಗಾಬರಿಯಾಗಿ ಆರಿಸಬೇಡಿ. ಮಾನಿಟರ್ ಕೇಬಲ್ ಕಾರ್ಡಿಗೆ ಹೋಗಬೇಕು, ಮೇಲಿನ ಮದರ್‌ಬೋರ್ಡಿಗಲ್ಲ. ‘ಹೊಸ ಕಾರ್ಡ್ ನಡೀವಲ್ದು’ ಎಂಬ ದೂರಿನಲ್ಲಿ ಬಹಳಷ್ಟು ಇದೇ. ಬಯಾಸ್‌ನಲ್ಲಿ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಆಯ್ಕೆ) ಆನ್ ಮಾಡದಿದ್ದರೆ 6000 ವೇಗದ ರ‍್ಯಾಮ್ 4800ರಲ್ಲೇ ತೆವಳುತ್ತದೆ. ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ 144 ಆಯ್ಕೆ ಮಾಡದಿದ್ದರೆ ಮಾನಿಟರ್ 60ರಲ್ಲೇ ಉಳಿಯಬಹುದು. ಕಾರ್ಡಿಗೆ ಎರಡು 8-ಪಿನ್ ಬೇಕಿದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಕೇಬಲ್ ಎಳೆಯಿರಿ. 5070 ಥರದವುಗಳಲ್ಲಿ ಬರುವ ಹೊಸ 16 ಪಿನ್ನಿನ ಕನೆಕ್ಟರನ್ನು ಟಕ್ ಎನ್ನುವವರೆಗೆ ಒತ್ತಬೇಕು, ಬುಡದಲ್ಲೇ ಬಗ್ಗಿಸಬಾರದು. ಅರೆಬರೆ ಕೂತರೆ ಬಿಸಿಯಾಗಿ ಕರಗುತ್ತದೆ.

ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಮಧ್ಯಾಹ್ನದ ಸೆಕೆಯಲ್ಲೇ ಒಂದು ತಾಸು ಭಾರದ ಆಟ ಓಡಿಸಿ, ಎಚ್‌ಡಬ್ಲ್ಯುಇನ್ಫೋದಲ್ಲಿ ಉಷ್ಣಾಂಶ ನೋಡಿ. 7600 ಪ್ರೊಸೆಸರಿನ ಮಿತಿ 95 ಡಿಗ್ರಿ. ಆಟದಲ್ಲಿ 80–85 ಇದ್ದರೆ ನಮ್ಮೂರಿಗೆ ಸರಿ, 95ಕ್ಕೇ ಅಂಟಿಕೊಂಡಿದ್ದರೆ ಕೂಲರಿನ ಕೆಳಗಿನ ಪ್ಲಾಸ್ಟಿಕ್ ಹಾಳೆ ತೆಗೆಯದೆ ಕೂರಿಸಿದ್ದಾರೆಯೇ ಎಂದು ಮೊದಲು ನೋಡಿ. ರಾತ್ರಿ ಮಲಗುವ ಮುಂಚೆ ಮೆಮ್‌ಟೆಸ್ಟ್86 ಹಚ್ಚಿಡಿ, ಒಂದೇ ಒಂದು ದೋಷ ತೋರಿಸಿದರೂ ರ‍್ಯಾಮ್ ಬದಲಿಸಿಕೊಳ್ಳಿ. ಎಲ್ಲ ಡಬ್ಬಿಗಳನ್ನೂ ಅಟ್ಟದ ಮೇಲೆ ಇಡಿ. ಪ್ರೊಸೆಸರ್ ಕೂರಿಸುವಾಗ ಎಎಂ5, ಇಂಟೆಲ್ ಸಾಕೆಟ್ಟಿನ ಮೇಲಿಂದ ಕಳಚುವ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಅಂಗಡಿಯವರು ಕಸಕ್ಕೆ ಎಸೆಯದಂತೆ ನೋಡಿ, ಬೋರ್ಡಿನ ಡಬ್ಬಿಯಲ್ಲೇ ಹಾಕಿಸಿಕೊಳ್ಳಿ. ಮುಂದೆ ಬೋರ್ಡನ್ನು ವಾರಂಟಿಗೆ ಕಳಿಸುವಾಗ ಆ ಮುಚ್ಚಳ ಇಲ್ಲದಿದ್ದರೆ ಪಿನ್ನು ಬಾಗುತ್ತದೆ, ಪಿನ್ನು ಬಾಗಿದ ಬೋರ್ಡಿಗೆ ವಾರಂಟಿ ಸಿಗುವುದಿಲ್ಲ.